ಪರದೇಶದಲ್ಲಿ ಬೇರೂರಿದ ವೈದ್ಯ

ನಮ್ಮ ನುಡಿಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದು ಒಂದು. ಅದು ನಿಘಂಟಿನ ಅರ್ಥ. ದಿಕ್ಕಿಲ್ಲದವನು, ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವನು ಎಂಬುದು ಇನ್ನೊಂದು; ಅದು ಮನೆಮನೆಯ ಅರ್ಥ. ತಾಯಿತಂದೆಗಳನ್ನು ಕಳೆದುಕೊಂಡ ಮಗುವನ್ನು ಕಂಡು ನಮ್ಮ ಅಜ್ಜಿಯರು ‘ಅಯ್ಯೋ, ಪರದೇಶಿ ಕೂಸು’ ಎಂದು ಮರುಗುತ್ತಿದ್ದರು. ಆ ಕೂಸು ಹುಟ್ಟಿದ ಊರಿನ ಎಲ್ಲೆಯನ್ನು ಒಮ್ಮೆಯೂ ದಾಟಿರದಿದ್ದರೂ ಸರಿಯೆ. ಊರು ಬಿಟ್ಟವನಿಗೆ ನಂಟಿಲ್ಲ, ನಂಟಿಲ್ಲದವನಿಗೆ ದಿಕ್ಕಿಲ್ಲ ಎಂಬುದು ನಮ್ಮ ಹಿರಿಯರು ಕಂಡುಂಡ ಸತ್ಯವಾಗಿದ್ದಿರಬೇಕು. ಅದರಿಂದಲೇ ಈ ಎರಡು ಅರ್ಥಗಳೂ ಒಂದೇ ಮಾತಿನೊಳಗೆ ಸೇರಿಕೊಂಡವು.

ಒಂಬತ್ತನೆಯ ತರಗತಿಯಲ್ಲಿ ಈ ಮಾತನ್ನು ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ‘ಹಾಗಾದರೆ ಸಾರ್, ಪರದೇಶಕ್ಕೆ ಹೋದವನು ಪರದೇಶಿಯಾಗದೆ ಇರಬೇಕಾದರೆ ಏನು ಮಾಡಬೇಕು?’ ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಷ್ಟರುಗಳನ್ನು ಕಾಪಾಡುವ ದೇವರು ಗಂಟೆಯ ರೂಪದಲ್ಲಿಯೇ ಬರುತ್ತಾನೆ. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲಿಯೇ ಮನೆಗೆ ಬಂದಿತು. ಸಂಪಾದನೆಗಾಗಿ ಹೊರನಾಡಿಗೆ ಹೋಗುವವರು ಅನೇಕರು. ಸೇವೆಗಾಗಿ, ಯಾವ ಸಂಬಳದ ಆಸೆಯೂ ಇಲ್ಲದೆ, ತಾನಾಗಿಯೇ ಒಪ್ಪಿಕೊಂಡು ಹೋಗಿ ವರ್ಷಗಟ್ಟಲೆ ನಿಲ್ಲುವವರು ಕೆಲವರು. ಅಂಥವರಲ್ಲೊಬ್ಬನ ಚರಿತ್ರೆಯಲ್ಲಿ ಆ ಹುಡುಗನ ಪ್ರಶ್ನೆಗೆ ಉತ್ತರವಿದೆಯೆಂದು ನನಗೆ ತೋರುತ್ತದೆ. ಅವರೇ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್.

ಕೋಟ್ನೀಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಅವರ ಮನೆಮಾತು ಮರಾಠಿ. ಆದರೆ ಸೊಲ್ಲಾಪುರವೆಂದರೆ ಕನ್ನಡಿಗರಿಗೆ ಹೊರಗಿನ ಊರೇನೂ ಅಲ್ಲ. ವಚನಕಾರರ ಕಾಲದಲ್ಲಿ ಅದು ಸೊನ್ನಲಿಗೆ. ಕೆರೆಯನ್ನು ಕಟ್ಟಿಸಿ ನೂರಾರು ಜನರಿಗೆ ನೀರುಣಿಸಿದ ಸಿದ್ಧರಾಮನ ಊರು. ಇಂದಿಗೂ ಅಲ್ಲಿಯ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಅಂಥ ಊರಿನಲ್ಲಿ ಬೆಳೆದ ಹುಡುಗನಿಗೆ, ಪಕ್ಕದ ಮನೆಯವರು ಬೇರೆ ನುಡಿಯನ್ನಾಡಿದರೂ ನೆರೆಹೊರೆಯವರಾಗಿರಬಹುದು ಎಂಬ ಮೊದಲ ಪಾಠ ಬೀದಿಯಲ್ಲಿಯೇ ದೊರೆತಿರಬೇಕು. ಎರಡನೆಯ ಪಾಠ ದೊರೆತದ್ದು 1930ರಲ್ಲಿ. ಗಾಂಧೀಜಿಯವರ ಬಂಧನವಾದಾಗ ಸೊಲ್ಲಾಪುರದ ಗಿರಣಿ ಕಾರ್ಮಿಕರೂ ನಾಗರಿಕರೂ ರೊಚ್ಚಿಗೆದ್ದರು. ಸರ್ಕಾರ ಊರಿನ ಮೇಲೆ ಸೈನಿಕ ಶಾಸನವನ್ನು ಹೇರಿತು. 1931ರ ಜನವರಿಯಲ್ಲಿ ನಾಲ್ವರನ್ನು ಗಲ್ಲಿಗೇರಿಸಿತು. ಆಗ ಕೋಟ್ನೀಸರಿಗೆ ಇಪ್ಪತ್ತು ವರ್ಷ. ಪರರ ಸೈನ್ಯ ತನ್ನ ಊರಿನೊಳಗೆ ಬಂದು ನಿಂತರೆ ಏನಾಗುತ್ತದೆ ಎಂಬುದು ಆ ಊರಿನ ತರುಣರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

ಮುಂಬಯಿಯ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜಿನಲ್ಲಿ ಅವರು ವೈದ್ಯವಿದ್ಯೆಯನ್ನು ಕಲಿತರು. ಮುಂದಿನ ಉನ್ನತ ವ್ಯಾಸಂಗಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದ ಹೊತ್ತಿಗೆ ಚೀನಾದಿಂದ ಒಂದು ಕರೆ ಬಂದಿತು.

ಆ ಕರೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 1937ರ ಜುಲೈಯಲ್ಲಿ ಜಪಾನು ಚೀನಾದ ಮೇಲೆ ದೊಡ್ಡ ದಂಡಯಾತ್ರೆಯನ್ನು ತೊಡಗಿತು. ಪೀಕಿಂಗ್, ಷಾಂಘೈ, ನಾನ್‌ಕಿಂಗ್ ಒಂದರ ಹಿಂದೊಂದು ಬಿದ್ದುವು. ಅಲ್ಲಿಯವರೆಗೆ ತಮ್ಮತಮ್ಮಲ್ಲಿ ಕಾದಾಡುತ್ತಿದ್ದ ರಾಷ್ಟ್ರೀಯ ಪಕ್ಷದವರೂ ಸಮತಾವಾದಿಗಳೂ ಹೊರಗಿನ ಶತ್ರುವನ್ನು ಎದುರಿಸಲು ಕೈಗೂಡಿಸಿದರು. ಗಾಯಗೊಂಡವರು ಲಕ್ಷಗಟ್ಟಲೆ, ವೈದ್ಯರು ಬೆರಳೆಣಿಕೆಯವರು. ಎಂಟನೆಯ ಮಾರ್ಗ ಸೈನ್ಯದ ದಂಡನಾಯಕರಾಗಿದ್ದ ಚೂ ತೇ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು, ವೈದ್ಯರನ್ನು ಕಳುಹಿಸಿಕೊಡುವಂತೆ ಬೇಡಿದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನರ ಮುಂದೆ ಜೋಳಿಗೆ ಹಿಡಿದರು. 22,000 ರೂಪಾಯಿ ಕೂಡಿತು. ರೋಗಿಗಳನ್ನು ಸಾಗಿಸುವ ಒಂದು ಮೋಟಾರು ಗಾಡಿಯೂ ಒದಗಿತು. ನಾವೇ ಆಗ ಪರಾಧೀನರು. ಕಟ್ಟಿಹಾಕಿದ ಕೈಯಿಂದಲೇ ಇನ್ನೊಬ್ಬರ ಗಾಯಕ್ಕೆ ಪಟ್ಟಿ ಕಟ್ಟಲು ಹೊರಟ ಆ ಔದಾರ್ಯವನ್ನು ನೆನೆದರೆ ಈಗಲೂ ಮನಸ್ಸು ತುಂಬಿಬರುತ್ತದೆ.

ಹೊರಟವರು ಐವರು ವೈದ್ಯರು. ಸ್ಪೇನಿನ ಯುದ್ಧದಲ್ಲಿ ಸೇವೆ ಮಾಡಿ ಬಂದಿದ್ದ ಅಲಹಾಬಾದಿನ ಅಟಲ್ ಅವರು ನಾಯಕರು. ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನೀಸ್ ಉಳಿದ ನಾಲ್ವರು. ಕೋಟ್ನೀಸರಿಗೆ ಆಗ ಇಪ್ಪತ್ತೇಳು ತುಂಬಿ ಇಪ್ಪತ್ತೆಂಟು ನಡೆಯುತ್ತಿತ್ತು. ಚೀನಾ ಎಂದರೆ ರೇಷ್ಮೆ ಮಾರಿಕೊಂಡು ಬೀದಿಯಲ್ಲಿ ಬರುವ ಚೀನೀಯರು ಎಂಬಷ್ಟು ಮಾತ್ರವೇ ಆಗ ಮನೆಯಲ್ಲಿ ಗೊತ್ತಿದ್ದಿತೆಂದು ಅವರ ಕುಟುಂಬದವರು ಮುಂದೆ ನೆನೆಸಿಕೊಂಡಿದ್ದಾರೆ. ಇದರಲ್ಲಿ ಅವರನ್ನು ಹಳಿಯುವುದೇನಿದೆ? ‘ಚೀನಾಂಬರ’, ‘ಚೀನಾಂಶುಕ’ ಎಂದು ಕಾವ್ಯಗಳಲ್ಲಿ ಓದಿ ಅರ್ಥ ಹೇಳುವ ನನ್ನಂಥ ಪಂಡಿತನಿಗೂ ಚೀನಾ ಎಂದರೆ ಬಟ್ಟೆಯ ಆಚೆಗೆ ಬಹಳ ಕಾಲ ಏನೂ ಕಂಡಿರಲಿಲ್ಲ.

1938ರ ಸೆಪ್ಟೆಂಬರ್ 1ರಂದು ‘ರಾಜಪುತಾನಾ’ ಎಂಬ ಹಡಗು ಈ ಐವರನ್ನು ಹೊತ್ತು ಮುಂಬಯಿಯಿಂದ ಹೊರಟಿತು. ಹಾಂಗ್‌ಕಾಂಗ್, ಕ್ಯಾಂಟನ್‌ಗಳ ಮೂಲಕ ಸೆಪ್ಟೆಂಬರ್ ತಿಂಗಳ ಕೊನೆಗೆ ಅವರು ಹಾಂಕೌ ನಗರವನ್ನು ಸೇರಿದರು. ಅಕ್ಟೋಬರಿನಲ್ಲಿ ಆ ನಗರವೂ ಜಪಾನಿನ ವಶವಾಯಿತು. ಯುದ್ಧ ಬೆನ್ನಟ್ಟಿ ಬರುತ್ತಿರಲು, ವೈದ್ಯರು ಯಾಂಗ್‌ಸೀ ನದಿಯ ದಾರಿಯಲ್ಲಿ ಹಿಂದೆ ಸರಿದು ಇಚಾಂಗ್ ದಾಟಿ ಚುಂಗ್‌ಕಿಂಗ್ ನಗರಕ್ಕೆ ಬಂದರು. ಇಲ್ಲಿ ಎರಡು ಸಂಗತಿಗಳು ನಡೆದುವು. ಎರಡೂ ನಮ್ಮ ವಿಷಯಕ್ಕೆ ಮುಖ್ಯವಾದವು.

ಮೊದಲನೆಯದು ನಾಮಕರಣ. ಚೀನೀ ಮಿತ್ರರು ಐವರಿಗೂ ತಮ್ಮ ನುಡಿಯ ಹೆಸರುಗಳನ್ನಿಟ್ಟರು. ಪ್ರತಿ ಹೆಸರಿನ ಕೊನೆಯಲ್ಲಿಯೂ ‘ಹುವಾ’ ಎಂಬ ಅಕ್ಷರ ಸೇರಿತು. ಹುವಾ ಎಂದರೆ ಚೀನಾ ದೇಶ. ಹೀಗೆ ಕೋಟ್ನೀಸರು ‘ಕೆ ದಿಹುವಾ’ ಆದರು. ಹೊಸ ಮನೆಗೆ ಬಂದ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ನಮ್ಮಲ್ಲಿಯೂ ಕೆಲವು ಕಡೆ ಇದೆಯಷ್ಟೆ. ಹೆಸರು ಇಟ್ಟೊಡನೆ ಸೊಸೆ ಆ ಮನೆಯವಳಾಗಿಬಿಡುವುದಿಲ್ಲ. ಆದರೆ ಬಾಗಿಲು ತೆರೆದಂತಾಯಿತು.

ಎರಡನೆಯದು ಸಾವಿನ ಸುದ್ದಿ. ಯೆನಾನ್ ಕಡೆಗೆ ಹೊರಡಬೇಕೆಂದಿದ್ದ ಹೊತ್ತಿನಲ್ಲಿ, ಸೊಲ್ಲಾಪುರದಲ್ಲಿ ತಂದೆ ತೀರಿಕೊಂಡರೆಂಬ ವಾರ್ತೆ ಕೋಟ್ನೀಸರಿಗೆ ತಲಪಿತು. ಊರಿಗೆ ಮರಳುವುದು ಒಳ್ಳೆಯದೆಂದು ಜೊತೆಯವರು ಹೇಳಿದರು. ಮನೆಯಲ್ಲಿ ತಾಯಿ, ತಂಗಿಯರು, ಸೋದರರು. ಮರಳಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಮಗನ ಧರ್ಮವೂ ಅದೇ ಎನ್ನುತ್ತಿದ್ದರು. ಕೋಟ್ನೀಸರು ಮರಳಲಿಲ್ಲ. ಈ ನಿರ್ಧಾರವನ್ನು ಕೇವಲ ವೀರಕೃತ್ಯವೆಂದು ಕೊಂಡಾಡಿ ಮುಂದೆ ಸಾಗುವುದು ನನ್ನಿಂದಾಗದು. ದೂರದಲ್ಲಿ ಮಾಡುವ ಸೇವೆಯ ಬೆಲೆಯನ್ನು ಹೋದವನೊಬ್ಬನೇ ತೆರುವುದಿಲ್ಲ. ಮನೆಯಲ್ಲಿ ಉಳಿದವರೂ ತೆರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ. ಕೋಟ್ನೀಸರ ಕಥೆಯಲ್ಲಿ ಸೊಲ್ಲಾಪುರದ ಆ ಮನೆಯವರಿಗೂ ಒಂದು ಪಾಲು ಸಲ್ಲಬೇಕು.

1939ರ ಫೆಬ್ರವರಿಯಲ್ಲಿ ಅವರು ಯೆನಾನ್ ಸೇರಿದರು. ಅದು ವಾಯವ್ಯ ಚೀನಾದ ಹಳದಿ ಮಣ್ಣಿನ ಗುಡ್ಡಗಳ ನಡುವಿನ ಊರು. ಕೆಲವೇ ತಿಂಗಳ ಹಿಂದೆ ಜಪಾನಿನ ವಿಮಾನಗಳು ಬಾಂಬು ಸುರಿದು ಅದನ್ನು ಹಾಳುಗೆಡವಿದ್ದುವು. ಜನ ಗುಡ್ಡದ ಮೈಯಲ್ಲಿ ಗುಹೆಗಳನ್ನು ಕೊರೆದು ವಾಸಮಾಡುತ್ತಿದ್ದರು. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮೇಲಿನಿಂದ ಬಾಂಬು ಬಿದ್ದರೂ ಅಷ್ಟು ಭಯವಿಲ್ಲ. ಆಸ್ಪತ್ರೆಯೂ ಗುಹೆಗಳಲ್ಲಿಯೇ. ಕಾಲೇಜಿನ ಶಸ್ತ್ರಕ್ರಿಯಾ ಮಂದಿರಗಳನ್ನು ಕಂಡವರು ಈಗ ಮಣ್ಣಿನ ಗೋಡೆ, ಎಣ್ಣೆಯ ದೀಪಗಳ ನಡುವೆ ಕತ್ತರಿ ಹಿಡಿಯಬೇಕಾಯಿತು.

ಪರಸ್ಥಳಕ್ಕೆ ಹೋಗಿ ಬಂದವರು ನಮ್ಮಲ್ಲಿ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಅಲ್ಲಿಯ ನೀರು ಒಗ್ಗಲಿಲ್ಲ.’ ಈ ಒಗ್ಗುವುದು ಎಂಬ ಕ್ರಿಯೆಗೆ ಮೂರು ಮೆಟ್ಟಿಲುಗಳಿವೆಯೆಂದು ನನ್ನ ಎಣಿಕೆ. ಮೊದಲು ನೀರು ಒಗ್ಗಬೇಕು. ಆಮೇಲೆ ನುಡಿ ಒಗ್ಗಬೇಕು. ಕಟ್ಟಕಡೆಗೆ ನಂಟು ಒಗ್ಗಬೇಕು. ಕೋಟ್ನೀಸರು ಈ ಮೂರು ಮೆಟ್ಟಿಲುಗಳನ್ನೂ ಹತ್ತಿದರು.

ನೀರಿನ ಮಾತನ್ನು ಮೊದಲು ನೋಡೋಣ. ಉತ್ತರ ಚೀನಾದ ಆ ಗುಡ್ಡಗಾಡಿನಲ್ಲಿ ಅಕ್ಕಿ ಅಪರೂಪ. ಸೈನ್ಯದ ಊಟವೆಂದರೆ ನವಣೆ. ಬಳ್ಳಾರಿ, ರಾಯಚೂರು, ಧಾರವಾಡದ ಕಡೆಯ ಹೊಲಗಳಲ್ಲಿ ಬೆಳೆಯುವ ನಮ್ಮ ನವಣೆಯೇ ಅಲ್ಲಿಯೂ ಬಡವರ ಅನ್ನ. ನಾಯಕನಿಗೂ ಅದೇ, ಕಾಲಾಳಿಗೂ ಅದೇ. ಚಳಿಗಾಲದಲ್ಲಿ ನೀರು ಗಡ್ಡೆಕಟ್ಟುವ ಚಳಿ. ಹತ್ತಿ ತುಂಬಿ ಹೊಲಿದ ಅಂಗಿ. ಕೆಳಗೆ ಬೆಂಕಿಯ ಕಾವು ಹರಿಯುವಂತೆ ಕಟ್ಟಿದ ಇಟ್ಟಿಗೆಯ ಜಗುಲಿಯೇ ಮಂಚ. ಎಲ್ಲರ ದೇಹಕ್ಕೂ ಇದು ಒಗ್ಗಲಿಲ್ಲ. ಐವರಲ್ಲಿ ಹಿರಿಯರಾಗಿದ್ದ ಚೋಳ್ಕರ್ ಅವರೂ, ಮೂತ್ರಪಿಂಡದ ಬೇನೆಗೆ ತುತ್ತಾದ ಮುಖರ್ಜಿಯವರೂ 1939ರಲ್ಲಿ ಭಾರತಕ್ಕೆ ಮರಳಿದರು. ರಣರಂಗದವರೆಗೂ ಹೋದ ಅಟಲ್ ಅವರು ಅಸ್ವಸ್ಥರಾಗಿ 1940ರಲ್ಲಿ ಹಿಂದಿರುಗಿದರು. ಇವರು ಸೋತವರೆಂದು ಯಾರೂ ಭಾವಿಸಕೂಡದು. ಕೊಟ್ಟಷ್ಟು ಕಾಲವನ್ನು ಪೂರ್ಣವಾಗಿ ಕೊಟ್ಟು ಬಂದ ಪುಣ್ಯವಂತರು ಅವರು. ಆದರೆ ಉಳಿಯುವುದು ಬೇರೊಂದು ಬಗೆಯ ಕೆಲಸ. ಉಳಿದವನಿಗೆ ಮಾತ್ರ ಅದರ ಮುಂದಿನ ಮೆಟ್ಟಿಲು ಕಾಣಿಸುತ್ತದೆ.

ಆ ಮೆಟ್ಟಿಲು ನುಡಿ. ಚೀನೀ ಭಾಷೆಗೆ ನಮ್ಮಂತೆ ವರ್ಣಮಾಲೆಯಿಲ್ಲ. ಮಾತಿಗೊಂದು ಚಿತ್ರದಂಥ ಲಿಪಿ. ಸಾಲದುದಕ್ಕೆ ಸ್ವರದ ಏರಿಳಿತದಿಂದ ಅರ್ಥವೇ ಬದಲಾಗುತ್ತದೆ. ‘ಮಾ’ ಎಂಬ ಒಂದೇ ಉಚ್ಚಾರವನ್ನು ಸಮನಾಗಿ ಎಳೆದರೆ ತಾಯಿ, ಏರಿಸಿದರೆ ಸೆಣಬಿನಂಥ ನಾರಿನ ಗಿಡ, ಇಳಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು! ತಾಯಿಯನ್ನು ಕರೆಯಲು ಹೋಗಿ ಕುದುರೆಯನ್ನು ಕರೆದರೆ ಕೇಳಿದವರು ನಗದೆ ಇರುವರೆ? ಓದುಬರಹ ಕಲಿತ ದೊಡ್ಡವನು ಮತ್ತೆ ಮಗುವಿನಂತೆ ತೊದಲಿ, ನಗೆಪಾಟಲಾಗಿ, ಆ ನಗೆಯಲ್ಲಿ ತಾನೂ ಸೇರಿಕೊಳ್ಳಬೇಕು. ಎಷ್ಟೋ ವಿದ್ವಾಂಸರಿಗೆ ಇದು ಆಗದ ಕೆಲಸ. ನುಡಿ ಕಠಿನವೆಂದಲ್ಲ, ಅಭಿಮಾನ ಅಡ್ಡ ಬರುತ್ತದೆ. ಕೋಟ್ನೀಸರು ಯೆನಾನಿನಲ್ಲಿ ತೊದಲತೊಡಗಿದರು. ಎರಡು ವರ್ಷ ತುಂಬುವುದರೊಳಗೆ ನಿರರ್ಗಳವಾಗಿ ಮಾತನಾಡುವುದನ್ನೂ ತಕ್ಕಮಟ್ಟಿಗೆ ಬರೆಯುವುದನ್ನೂ ಕಲಿತರು.

1939ರ ಕೊನೆಯಲ್ಲಿ ಅಟಲ್, ಬಸು, ಕೋಟ್ನೀಸ್ ಮೂವರೂ ಯುದ್ಧ ನಡೆಯುತ್ತಿದ್ದ ಪ್ರದೇಶದ ಕಡೆಗೆ ಹೊರಟರು. ಜಪಾನೀಯರ ಸೈನ್ಯ ಸುತ್ತುವರಿದಿದ್ದ ನಾಡು ಅದು. ರೈಲುದಾರಿಗಳೂ ಪಟ್ಟಣಗಳೂ ಶತ್ರುವಿನ ಕೈಯಲ್ಲಿ. ಬೆಟ್ಟಗಳೂ ಹಳ್ಳಿಗಳೂ ಚೀನೀಯರ ಕೈಯಲ್ಲಿ. 1940ರಲ್ಲಿ ಅಟಲ್ ಅವರು ಭಾರತಕ್ಕೆ, ಬಸು ಅವರು ಯೆನಾನಿಗೆ ಮರಳಿದ ಮೇಲೆ, ಹೋಪೈ ಪ್ರಾಂತದ ಬೆಟ್ಟಸಾಲಿನಲ್ಲಿ ಕೋಟ್ನೀಸರು ಒಬ್ಬರೇ ಭಾರತೀಯರಾಗಿ ಉಳಿದರು.

ಆ ಬೆಟ್ಟಗಳಲ್ಲಿ ಅವರಿಗಿಂತ ಮೊದಲು ಇನ್ನೊಬ್ಬ ಪರದೇಶಿ ಸ್ವಯಂಸೇವಕರು ಕೆಲಸ ಮಾಡಿದ್ದರು. ಕೆನಡಾ ದೇಶದ ಶಸ್ತ್ರವೈದ್ಯ ನಾರ್ಮನ್ ಬೆಥೂನ್. ಶಸ್ತ್ರಕ್ರಿಯೆ ಮಾಡುತ್ತಿದ್ದಾಗ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರ್ 12ರಂದು ಅವರು ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಳ್ಳುವ ಭಾರ ಕೋಟ್ನೀಸರ ಮೇಲೆ ಬಿತ್ತು. 1941ರ ಜನವರಿಯಲ್ಲಿ ಬೆಥೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಅವರು ನಿರ್ದೇಶಕರಾದರು.

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಕಟ್ಟಡ, ಬಿಳಿ ಗೋಡೆ, ಸಾಲುಮಂಚಗಳು ಅಲ್ಲಿರಲಿಲ್ಲ. ಗಾಯಾಳುಗಳು ರೈತರ ಮನೆಗಳಲ್ಲಿ ಹಂಚಿಹೋಗಿರುತ್ತಿದ್ದರು. ಈ ಮನೆಯ ಜಗುಲಿಯಲ್ಲಿ ಇಬ್ಬರು, ಆ ಮನೆಯ ಕೋಣೆಯಲ್ಲಿ ಒಬ್ಬ. ಶತ್ರು ಹತ್ತಿರ ಬಂದನೆಂಬ ಸುಳಿವು ಸಿಕ್ಕಿದರೆ ಆಸ್ಪತ್ರೆಯೇ ಎದ್ದು ನಡೆಯಬೇಕು. ಸಲಕರಣೆಗಳು ಹೇಸರಗತ್ತೆಯ ಬೆನ್ನಿನ ಮೇಲೆ. ನಡೆಯಲಾರದವರು ಹಳ್ಳಿಗರ ಹೆಗಲಿನ ಡೋಲಿಯಲ್ಲಿ. ಇಂಥ ಆಸ್ಪತ್ರೆಯ ಗೋಡೆಯೆಂದರೆ ಜನರ ವಿಶ್ವಾಸವೊಂದೇ. ವೈದ್ಯನನ್ನು ತಮ್ಮವನೆಂದು ಹಳ್ಳಿಯವರು ಒಪ್ಪದಿದ್ದರೆ ಆ ಗೋಡೆ ಒಂದು ದಿನವೂ ನಿಲ್ಲದು.

ಅವರು ಒಪ್ಪಿದ್ದರೆಂಬುದಕ್ಕೆ ಒಂದು ಗುರುತು ಉಳಿದಿದೆ. ಕಂದುಬಣ್ಣದ ಈ ವೈದ್ಯನನ್ನು ಗಾಯಾಳುಗಳೂ ಹಳ್ಳಿಗರೂ ‘ಕಪ್ಪು ತಾಯಿ’ ಎಂದು ಪ್ರೀತಿಯಿಂದ ಕರೆಯುತ್ತಿದ್ದರಂತೆ. ಗಂಡಸೊಬ್ಬನಿಗೆ ತಾಯಿಯೆಂಬ ಹೆಸರು ಸಲ್ಲುವುದು ಸಾಮಾನ್ಯವಲ್ಲ. 1940ರಲ್ಲಿ ಜಪಾನೀಯರ ವಿರುದ್ಧ ದೊಡ್ಡ ಕಾಳಗವೊಂದು ನಡೆದಾಗ, ಹದಿಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳು ಅವರ ತಂಡದ ಕೈಗೆ ಬಂದರು. ಒಮ್ಮೆ 72 ಗಂಟೆಗಳ ಕಾಲ ಅವರು ಕಣ್ಣು ಮುಚ್ಚದೆ ಶಸ್ತ್ರಕ್ರಿಯೆಯಲ್ಲಿ ತೊಡಗಿದ್ದರೆಂದು ಹೇಳುತ್ತಾರೆ. ಬೇನೆಯ ಹೊತ್ತಿನಲ್ಲಿ ರಾತ್ರಿಯೆಲ್ಲ ಎದ್ದು ಕುಳಿತಿರುವವಳು ತಾಯಿಯಲ್ಲದೆ ಇನ್ನಾರು? ಹಳ್ಳಿಗರ ಆ ಹೆಸರಿನಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಆದರೆ ಆತ ಮಾಡಿದ ಶಸ್ತ್ರಕ್ರಿಯೆಗಳಿಗಿಂತ ದೊಡ್ಡದೆಂದು ನಾನು ಎಣಿಸುವ ಕೆಲಸ ಇನ್ನೊಂದಿದೆ. ಮೇಷ್ಟರ ಪಕ್ಷಪಾತವೆಂದು ತಾವು ನಕ್ಕರೂ ಚಿಂತೆಯಿಲ್ಲ. ಕೋಟ್ನೀಸರು ಪಾಠ ಹೇಳಿದರು. ಬೆಥೂನರ ಹೆಸರಿನ ವೈದ್ಯಶಾಲೆಯಲ್ಲಿ ಹಳ್ಳಿಯ ತರುಣರಿಗೆ ಶಸ್ತ್ರವೈದ್ಯವನ್ನು ಚೀನೀ ಭಾಷೆಯಲ್ಲಿಯೇ ಕಲಿಸಿದರು. ಪುಸ್ತಕಗಳಿಲ್ಲದುದನ್ನು ಕಂಡು ಶಸ್ತ್ರವೈದ್ಯದ ಸಾಮಾನ್ಯ ತತ್ತ್ವಗಳ ಮೇಲೆ ಒಂದು ಪಠ್ಯವನ್ನು ಸಿದ್ಧಪಡಿಸಿದರು. ಅದರ ಮುಂದಿನ ಭಾಗಕ್ಕೂ ಕೈಹಾಕಿದರು. ಬೆಥೂನರಂಥ ಮಹಾಪುರುಷರೂ ದುಭಾಷಿಯ ಮೂಲಕವೇ ಮಾತನಾಡಬೇಕಾಗಿತ್ತು. ಕೋಟ್ನೀಸರು ಮತ್ತು ರೋಗಿಯ ನಡುವೆ, ಕೋಟ್ನೀಸರು ಮತ್ತು ಶಿಷ್ಯನ ನಡುವೆ ಮೂರನೆಯವನು ಬೇಕಾಗಲಿಲ್ಲ.

‘ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ’ ಎನ್ನುತ್ತಾರೆ. ಸೇವೆಗೆಂದು ಪರಸ್ಥಳಕ್ಕೆ ಹೋದವನಿಗೆ ಎದುರಾಗುವ ದೊಡ್ಡ ಅಪಾಯ ಇದೇ. ಅವನ ಕೈ ಸದಾ ಮೇಲೆ ಇರುತ್ತದೆ. ಔಷಧ ಕೊಡುವವನು ಅವನು, ಬುದ್ಧಿ ಹೇಳುವವನು ಅವನು. ಹೀಗಿರುವಷ್ಟು ಕಾಲವೂ ಅವನು ಉಪಕಾರಿಯಾಗಿರಬಹುದು, ನೆರೆಯವನಾಗಲಾರ. ಮಾತಿಗಾಗಿ, ಅನ್ನಕ್ಕಾಗಿ, ದಾರಿಗಾಗಿ, ಹರಿದ ಅಂಗಿಯ ಹೊಲಿಗೆಗಾಗಿ ತಾನೂ ಇನ್ನೊಬ್ಬರ ಮುಂದೆ ಕೈ ಕೆಳಗಿಟ್ಟು ನಿಂತಾಗ ಮಾತ್ರ ಲೆಕ್ಕ ಸಮನಾಗುತ್ತದೆ. ನುಡಿ ಕಲಿಯುವುದೆಂದರೆ ಹೀಗೆ ಕೈ ಕೆಳಗಿಡುವ ಮೊದಲ ಅಭ್ಯಾಸ. ಹಳ್ಳಿಯ ಹುಡುಗ ಕೂಡ ಅಲ್ಲಿ ಗುರುವಾಗುತ್ತಾನೆ.

ಮೂರನೆಯ ಮೆಟ್ಟಿಲು ನಂಟು. 1940ರಲ್ಲಿ ಬೆಥೂನರ ಸಮಾಧಿಯ ಬಳಿ ನಡೆದ ಒಂದು ಸಮಾರಂಭದಲ್ಲಿ ಕುವೋ ಚಿಂಗ್‌ಲಾನ್ ಎಂಬ ತರುಣಿ ಕೋಟ್ನೀಸರನ್ನು ಮೊದಲ ಬಾರಿಗೆ ಕಂಡರು. ಆಕೆ ಶುಶ್ರೂಷೆಯ ವಿದ್ಯೆಯಲ್ಲಿ ನುರಿತವರು; ವೈದ್ಯಶಾಲೆಯಲ್ಲಿ ಅದನ್ನು ಕಲಿಸುತ್ತಿದ್ದರು. ಪರದೇಶದ ವೈದ್ಯನೊಬ್ಬ ತಮ್ಮ ನುಡಿಯನ್ನು ಆಡುವುದನ್ನೂ ಬರೆಯುವುದನ್ನೂ ಕಂಡು ಬೆರಗಾದುದಾಗಿ ಆಕೆ ಮುಂದೆ ಹೇಳಿದ್ದಾರೆ. 1941ರ ನವೆಂಬರಿನಲ್ಲಿ ಇಬ್ಬರಿಗೂ ಮದುವೆಯಾಯಿತು. 1942ರ ಆಗಸ್ಟ್ 23ರಂದು ಗಂಡುಮಗು ಹುಟ್ಟಿತು. ಆ ಪ್ರದೇಶದ ಸೇನಾನಾಯಕರಾಗಿದ್ದ ನೀ ಯುಂಗ್‌ಚೆನ್ ಅವರು ಮಗುವಿಗೆ ‘ಇನ್‌ಹುವಾ’ ಎಂಬ ಹೆಸರನ್ನು ಸೂಚಿಸಿದರು. ‘ಇನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ವ್ಯಾಕರಣದವರು ಇದನ್ನು ದ್ವಂದ್ವಸಮಾಸವೆನ್ನುವರು. ಎರಡು ಪದಗಳಿಗೂ ಸಮಾನವಾದ ಪ್ರಾಧಾನ್ಯ. ಒಂದು ಇನ್ನೊಂದಕ್ಕೆ ಅಡಿಯಾಳಲ್ಲ. ಆ ವರ್ಷ ಜುಲೈಯಲ್ಲಿ ಕೋಟ್ನೀಸರು ಚೀನೀ ಸಮತಾವಾದಿ ಪಕ್ಷವನ್ನೂ ಸೇರಿದ್ದರು. ಆ ಪಕ್ಷದ ವಿಚಾರದಲ್ಲಿ ಓದುಗರಿಗೆ ಬೇರೆಬೇರೆ ಅಭಿಪ್ರಾಯಗಳಿರಬಹುದು. ಚರಿತ್ರೆಯನ್ನು ಹೇಳುವವನು ಇದ್ದುದನ್ನು ಇದ್ದಂತೆ ಹೇಳಬೇಕು, ಆದ್ದರಿಂದ ಹೇಳಿದ್ದೇನೆ.

ಇಷ್ಟು ಹೊತ್ತಿಗೆ ಅವರ ದೇಹ ಕುಸಿಯುತ್ತ ಬಂದಿತ್ತು. ಅಪಸ್ಮಾರದ ಬೇನೆ, ಅಂದರೆ ಮೂರ್ಛೆರೋಗ, ಅವರನ್ನು ಮತ್ತೆ ಮತ್ತೆ ಕೆಡವುತ್ತಿತ್ತು. ಆ ಪ್ರದೇಶವನ್ನು ಬಿಟ್ಟು ಹೊರಗೆ ಹೋಗಿ ಚಿಕಿತ್ಸೆ ಪಡೆಯುವಂತೆ ಮೇಲಿನವರು ಹೇಳಿದರು. ಕೋಟ್ನೀಸರು ಒಪ್ಪಲಿಲ್ಲ; ಶಸ್ತ್ರಕ್ರಿಯೆಯನ್ನೂ ಪಾಠವನ್ನೂ ಪುಸ್ತಕವನ್ನೂ ಮುಂದುವರಿಸಿದರು. ಇದು ಸರಿಯೆ, ಅವಿವೇಕವೆ ಎಂದು ಕೇಳಬಹುದು. ರೋಗಿಗೆ ವಿಶ್ರಾಂತಿಯನ್ನು ವಿಧಿಸುವ ವೈದ್ಯನೇ ತನ್ನ ಮೈಯ ಮಾತನ್ನು ಕೇಳದೆ ಹೋದನಲ್ಲ ಎಂದು ನನಗೂ ಅನಿಸಿದ್ದುಂಟು. ಆದರೆ ಸುತ್ತಲೂ ಶತ್ರು ಇರುವಾಗ, ತನ್ನ ಬದಲಿಗೆ ನಿಲ್ಲುವವರು ಇನ್ನೂ ಪಾಠ ಕಲಿಯುತ್ತಿರುವಾಗ, ಊರಿನವನು ಯಾವನಾದರೂ ಎದ್ದು ಹೋಗುತ್ತಿದ್ದನೆ? ಅತಿಥಿಯಾಗಿದ್ದರೆ ಹೋಗುತ್ತಿದ್ದರು. ಅವರು ಅತಿಥಿಯಾಗಿ ಉಳಿದಿರಲಿಲ್ಲ.

1942ರ ಡಿಸೆಂಬರ್ 9ರ ಬೆಳಗಿನ ಜಾವ, ಹೋಪೈ ಪ್ರಾಂತದ ತಾಂಗ್ ತಾಲೂಕಿನ ಕೋಕುಂಗ್ ಎಂಬ ಹಳ್ಳಿಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು ಮೂವತ್ತೆರಡು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಹೊರಟ ಐವರಲ್ಲಿ ನಾಲ್ವರು ತಾಯ್ನಾಡಿಗೆ ಮರಳಿದರು. ಕೊನೆಯವರಾಗಿ ಬಸು ಅವರು 1943ರಲ್ಲಿ ಬಂದರು. ಮರಳದವರು ಕೋಟ್ನೀಸರೊಬ್ಬರೇ.

ಅವರ ಕಥೆಯನ್ನು ಖ್ವಾಜಾ ಅಹಮದ್ ಅಬ್ಬಾಸರು ಪುಸ್ತಕವಾಗಿ ಬರೆದರು. ಅದನ್ನು ಆಧರಿಸಿ ಶಾಂತಾರಾಮರು 1946ರಲ್ಲಿ ತೆಗೆದ ಹಿಂದಿ ಚಲಚ್ಚಿತ್ರವನ್ನು ಹಿಂದಿನ ತಲೆಮಾರಿನವರು ಅನೇಕರು ನೋಡಿದ್ದರು. ಸಮಾಧಿ ಈಗ ಷಿಚಿಯಾಚ್ವಾಂಗ್ ನಗರದ ಹುತಾತ್ಮರ ವನದಲ್ಲಿದೆ. ಬೆಥೂನರ ಸಮಾಧಿಯೂ ಅದೇ ವನದಲ್ಲಿದೆ. ಇನ್‌ಹುವಾ ತಂದೆಯ ದಾರಿಯನ್ನು ಹಿಡಿದು ವೈದ್ಯವಿದ್ಯೆಯನ್ನು ಓದುತ್ತಿದ್ದವನು, 1967ರಲ್ಲಿ ಎಳೆವಯಸ್ಸಿನಲ್ಲಿಯೇ ತೀರಿಕೊಂಡ. ಕುವೋ ಚಿಂಗ್‌ಲಾನ್ ಅವರು ಗಂಡನ ನಾಡಿಗೆ ಹಲವು ಬಾರಿ ಬಂದು ಅವರ ಮನೆಯವರನ್ನು ಕಂಡುಹೋದರು. 2012ರಲ್ಲಿ ತುಂಬು ವಯಸ್ಸಿನಲ್ಲಿ ಕಾಲವಾದರು.

ಈ ನಡುವೆ 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವೇ ನಡೆಯಿತು. ಗಡಿಯ ವಿವಾದ ಇನ್ನೂ ಬಗೆಹರಿದಿಲ್ಲ. ಒಬ್ಬ ವೈದ್ಯನ ಬಲಿದಾನದಿಂದ ಎರಡು ರಾಜ್ಯಗಳ ಹಗೆ ಕರಗಿಬಿಡುತ್ತದೆಂದು ಹೇಳಿದರೆ ಅದು ಸುಳ್ಳಾದೀತು. ಆದರೂ ಆ ಸಮಾಧಿಯನ್ನು ಯಾರೂ ಕಿತ್ತೆಸೆಯಲಿಲ್ಲ. 1982ರಲ್ಲಿ ಚೀನಾ, 1993ರಲ್ಲಿ ಭಾರತ ಅವರ ನೆನಪಿಗಾಗಿ ಅಂಚೆಚೀಟಿಗಳನ್ನು ಹೊರಡಿಸಿದುವು. ಸೊಲ್ಲಾಪುರದಲ್ಲಿ ಅವರ ಮನೆ ಸ್ಮಾರಕವಾಗಿದೆ. ಪಿತೃಗಳ ಸಮಾಧಿಯನ್ನು ಗುಡಿಸಿ ಹೂವಿಡುವ ಹಬ್ಬವೊಂದು ಚೀನೀಯರಲ್ಲಿದೆ. ನಮ್ಮ ಪಿತೃಪಕ್ಷಕ್ಕೆ ಅದನ್ನು ಹೋಲಿಸಬಹುದು. ವಸಂತದಲ್ಲಿ ಬರುವ ಆ ಹಬ್ಬದ ದಿನ ಸೊಲ್ಲಾಪುರದ ಈ ವೈದ್ಯನ ಸಮಾಧಿಯ ಮೇಲೆಯೂ ಹೂವು ಬೀಳುತ್ತದೆ.

ನನ್ನ ತರಗತಿಯ ಹುಡುಗನಿಗೆ ಮಾರನೆಯ ದಿನ ಈ ಕಥೆಯನ್ನು ಸಂಕ್ಷೇಪವಾಗಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಸಾರ್, ಮಾತು ಕಲಿತರೆ ಸಾಕೆ?’ ಎಂದ. ಸಾಲದು ಎಂದೆ. ಅಲ್ಲಿಯವರು ಉಂಡುದನ್ನು ಉಣ್ಣಬೇಕು. ಅವರ ನುಡಿಯಲ್ಲಿ ತೊದಲಿ ನಗಿಸಿಕೊಳ್ಳಬೇಕು. ಕೊಡಲು ಹೋದವನು ಕೊಳ್ಳುವುದನ್ನು ಕಲಿಯಬೇಕು. ಕಷ್ಟ ಬಂದ ದಿನ ಎದ್ದು ಹೋಗದೆ ಇರಬೇಕು. ಇಷ್ಟಾದ ಮೇಲೆ ಒಂದು ದಿನ ಅವರೇ ಹೆಸರಿಟ್ಟು ಕರೆಯುತ್ತಾರೆ. ತಂದೆಯ ಕೊನೆಯ ಸಂಸ್ಕಾರಕ್ಕೆ ಹೋಗಲಾರದೆ ಉಳಿದ ಮಗನ ಹೆಸರಿನಲ್ಲಿ, ಸಾವಿರಾರು ಮೈಲಿ ದೂರದಲ್ಲಿ, ತನ್ನ ರಕ್ತಸಂಬಂಧವಿಲ್ಲದವರು ವರ್ಷವರ್ಷವೂ ಹೂವಿಡುತ್ತಿದ್ದಾರೆ. ಅಂಥವನನ್ನು ನಮ್ಮ ಅಜ್ಜಿಯರು ಯಾವ ಅರ್ಥದಲ್ಲಿಯೂ ಪರದೇಶಿ ಎನ್ನುತ್ತಿರಲಿಲ್ಲ.